ಶಿಕ್ಷಕಿಯೂ ತಾಯಿಯೂ ಆದ ಪಂಡಿತಾ ರಮಾಬಾಯಿ

ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಾವು ಕಟ್ಟಡ ಕಟ್ಟಿದವರನ್ನೂ ದಾನ ಕೊಟ್ಟವರನ್ನೂ ಸೇವೆ ಸಲ್ಲಿಸಿದ ಗುರುಗಳನ್ನೂ ಕೃತಜ್ಞತೆಯಿಂದ ನೆನೆಯುತ್ತೇವೆ. ಅದು ಯುಕ್ತವೇ ಸರಿ. ಆದರೆ ಒಂದು ಧರ್ಮಕೇಂದ್ರವು ನೂರು ವರ್ಷ ಬಾಳುವುದು ಕಲ್ಲು ಗಾರೆಗಳಿಂದ ಮಾತ್ರವಲ್ಲ. ಸಂಜೆಯ ಜಪಸರ ಪ್ರಾರ್ಥನೆಗೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಿಲುಬೆಯ ಗುರುತು ಹಾಕಲು ಕಲಿಸಿದ ತಾಯಂದಿರಿಂದ, ಸ್ಲೇಟಿನ ಮೇಲೆ ಪುಟ್ಟ ಕೈಯನ್ನು ಹಿಡಿದು ಅಕ್ಷರ ತಿದ್ದಿಸಿದ ಅಕ್ಕೋರುಗಳಿಂದ ಅದು ಬಾಳುತ್ತದೆ. ಅಂಥವರ ಹೆಸರು ಯಾವ ಶಿಲಾಫಲಕದಲ್ಲಿಯೂ ಕಾಣಿಸುವುದಿಲ್ಲ. ಆದುದರಿಂದ ಅವರೆಲ್ಲರ ಗೌರವಾರ್ಥವಾಗಿ ಶಿಕ್ಷಕಿಯೂ ತಾಯಿಯೂ ಆಗಿ ಬಾಳಿದ ಒಬ್ಬ ಮಹಿಳೆಯ ಜೀವನವನ್ನು ಭಕ್ತಾದಿಗಳ ಮುಂದಿಡಲು ನಾವು ಬಯಸುತ್ತೇವೆ. ಅವರೇ ಪಂಡಿತಾ ರಮಾಬಾಯಿ. ಅವರು ನಮ್ಮ ಕಥೋಲಿಕ ಧರ್ಮಸಭೆಗೆ ಸೇರಿದವರಲ್ಲ. ಆದರೂ ಯೇಸುಸ್ವಾಮಿಯನ್ನು ಹೃತ್ಪೂರ್ವಕವಾಗಿ ಪ್ರೀತಿಸಿದವರು. ಅಲ್ಲದೆ ಅಮದಳ್ಳಿಯ ಗದ್ದೆಗಳ ಮೇಲೆ ನೆರಳು ಚೆಲ್ಲುವ ಇದೇ ಸಹ್ಯಾದ್ರಿಯ ಮಡಿಲಲ್ಲಿ ಹುಟ್ಟಿದವರು.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳದವರು. ಮನೆಮಾತು ಮರಾಠಿ; ನಮ್ಮ ಮನೆಗಳಲ್ಲಿ ಕೊಂಕಣಿಯೂ ಹೊರಗೆ ಕನ್ನಡವೂ ನಡೆಯುವಂತೆ ಅವರದೂ ಎರಡು ನುಡಿಗಳ ನಡುವಿನ ಬಾಳು. ಸಂಸ್ಕೃತದಲ್ಲಿ ಘನ ಪಂಡಿತರಾಗಿದ್ದ ಶಾಸ್ತ್ರಿಗಳು ತಮ್ಮ ಎಳೆಯ ಪತ್ನಿ ಲಕ್ಷ್ಮೀಬಾಯಿಗೂ ಆ ವಿದ್ಯೆಯನ್ನು ಕಲಿಸಲು ತೊಡಗಿದರು. ಸ್ತ್ರೀಯರಿಗೆ ಸಂಸ್ಕೃತ ಕಲಿಸುವುದು ಮಹಾಪರಾಧವೆಂದು ಬಗೆಯುತ್ತಿದ್ದ ಕಾಲವದು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಅವರು ತಮ್ಮ ನಡತೆಯನ್ನು ಶಾಸ್ತ್ರಾಧಾರಗಳಿಂದ ಸಮರ್ಥಿಸಿಕೊಳ್ಳಬೇಕಾಯಿತು. ಆದರೂ ಊರಿನ ವಿರೋಧ ತಣ್ಣಗಾಗಲಿಲ್ಲ. ಕೊನೆಗೆ ಅವರು ಪತ್ನಿಯೊಡನೆ ಪಶ್ಚಿಮಘಟ್ಟದ ದಟ್ಟಡವಿಯಾದ ಗಂಗಾಮೂಲಕ್ಕೆ ಹೋಗಿ ನೆಲೆಸಿದರು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಆ ಸ್ಥಳದಲ್ಲಿಯೇ 1858ರ ಏಪ್ರಿಲ್ 23ರಂದು ರಮಾಬಾಯಿಯವರ ಜನನವಾಯಿತು.

ಮಗುವಿಗೆ ಆರು ತಿಂಗಳು ತುಂಬುವಷ್ಟರಲ್ಲಿ ಸಂಸಾರವು ಆ ಮನೆಯನ್ನೂ ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿದ ಶಿಶುವನ್ನು ಆಳೊಬ್ಬನು ತಲೆಯ ಮೇಲೆ ಹೊತ್ತು ಬೆಟ್ಟವಿಳಿದನೆಂದು ರಮಾಬಾಯಿಯವರೇ ಮುಂದೆ ಬರೆದಿದ್ದಾರೆ. ಅಂದಿನಿಂದ ಆ ಕುಟುಂಬಕ್ಕೆ ಸ್ಥಿರವಾದ ಸೂರೆಂಬುದಿರಲಿಲ್ಲ. ದೇವಸ್ಥಾನದ ಅಂಗಳಗಳಲ್ಲಿ ಪುರಾಣ ಓದಿ, ಜನರು ಕೊಟ್ಟುದನ್ನು ಉಂಡು ಮುಂದಿನ ಊರಿಗೆ ನಡೆಯುವುದೇ ಅವರ ಬದುಕಾಯಿತು. ಇಂಥ ಅಲೆದಾಟದ ನಡುವೆಯೂ ಒಂದು ಶಾಲೆ ಮಾತ್ರ ನಿಲ್ಲಲಿಲ್ಲ. ತಂದೆಯವರಿಗೆ ವಯಸ್ಸಾಗಿತ್ತು, ಪಾಠ ಹೇಳುವ ಭಾರ ತಾಯಿಯ ಮೇಲೆ ಬಿದ್ದಿತು. ಹಗಲೆಲ್ಲ ದುಡಿಮೆಯಿದ್ದುದರಿಂದ ಲಕ್ಷ್ಮೀಬಾಯಿಯವರು ನಸುಕಿನಲ್ಲೇ ಮಗಳನ್ನು ಎಬ್ಬಿಸಿ, ನಿದ್ದೆಗಣ್ಣಿನ ಆ ಬಾಲಕಿಯನ್ನು ಎದೆಗವಚಿಕೊಂಡು, ಹಕ್ಕಿಗಳು ಉಲಿಯುವ ಹೊತ್ತಿಗೆ ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಹೀಗೆ ರಮಾಬಾಯಿಯವರು ಭಾಗವತ ಪುರಾಣದ ಸಾವಿರಾರು ಶ್ಲೋಕಗಳನ್ನು ಕಂಠಸ್ಥ ಮಾಡಿದರು. ತಾಯಿಯ ಮಡಿಲೇ ಅವರ ಮೊದಲ ಶಾಲೆ, ತಾಯಿಯ ಕಂಠವೇ ಅವರ ಮೊದಲ ಪುಸ್ತಕ. ಅವರ ಮುಂದಿನ ಮಹಾಕಾರ್ಯಗಳಿಗೆಲ್ಲ ಬೇರು ಇಲ್ಲಿಯೇ ಇದೆಯೆಂದು ನಾವು ನಂಬುತ್ತೇವೆ.

ಆ ಶತಮಾನದ ಎಂಟನೆಯ ದಶಕದಲ್ಲಿ ದಕ್ಷಿಣ ಭಾರತವನ್ನು ಘೋರ ಕ್ಷಾಮವು ಆವರಿಸಿತು. ಶಾಸ್ತ್ರ ಬಲ್ಲವರು ಕೂಲಿಮಾಡಲು ನಾಚಿದರು, ಬೇಡಲು ಅದಕ್ಕಿಂತ ಹೆಚ್ಚಾಗಿ ನಾಚಿದರು. ಸೊಪ್ಪುಸದೆಗಳನ್ನು ತಿಂದು ದಿನ ಕಳೆದರು. ತಂದೆ ತೀರಿಕೊಂಡರು, ಹಿಂದೆಯೇ ತಾಯಿ, ಬಳಿಕ ಅಕ್ಕ. ಹದಿಹರೆಯದ ರಮಾಬಾಯಿಯೂ ಅಣ್ಣ ಶ್ರೀನಿವಾಸನೂ ಮಾತ್ರ ಉಳಿದರು. ಅವರಿಬ್ಬರು ಕಾಲ್ನಡಿಗೆಯಲ್ಲಿ ಭರತಖಂಡದ ಉದ್ದಗಲವನ್ನು ಸುತ್ತಿ 1878ರಲ್ಲಿ ಕಲಕತ್ತೆಯನ್ನು ಸೇರಿದರು. ಅಲ್ಲಿನ ವಿದ್ವಾಂಸರು ಈ ಇಪ್ಪತ್ತು ವರ್ಷದ ತರುಣಿಯನ್ನು ಪರೀಕ್ಷಿಸಿ ಬೆರಗಾಗಿ, ಪಂಡಿತೆ ಹಾಗೂ ಸರಸ್ವತಿ ಎಂಬ ಬಿರುದುಗಳನ್ನಿತ್ತು ಗೌರವಿಸಿದರು. ತಾಯಿ ನಸುಕಿನಲ್ಲಿ ಬಿತ್ತಿದ ಬೀಜವು ಫಲಕೊಟ್ಟಿತು; ಆದರೆ ಅದನ್ನು ಕಾಣಲು ಆ ತಾಯಿ ಇರಲಿಲ್ಲ.

1880ರಲ್ಲಿ ಅಣ್ಣನೂ ಮೃತನಾದನು. ಅದೇ ವರ್ಷ ರಮಾಬಾಯಿಯವರು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಜಾತಿಯ ಕಟ್ಟನ್ನು ಮೀರಿ ವಿವಾಹವಾದರು. 1881ರಲ್ಲಿ ಹೆಣ್ಣು ಮಗು ಹುಟ್ಟಿತು. ಮನಸ್ಸಿಗೆ ಆನಂದವನ್ನು ತಂದ ಆ ಮಗುವಿಗೆ ಮನೋರಮಾ ಎಂದು ಹೆಸರಿಟ್ಟರು. ಮಗುವಿಗೆ ವರ್ಷ ತುಂಬುವ ಮೊದಲೇ, 1882ರಲ್ಲಿ, ಪತಿಯು ಕಾಲರಾ ಬೇನೆಗೆ ತುತ್ತಾದರು. ಇಪ್ಪತ್ತಮೂರರ ವಿಧವೆ, ಕಂಕುಳಲ್ಲಿ ಕೂಸು, ಹಿಂದೆ ತವರಿಲ್ಲ, ಮುಂದೆ ದಾರಿ ಕಾಣದು. ಆ ಕಾಲದ ವಿಧವೆಯ ಗತಿಯೇನೆಂಬುದನ್ನು ಹಿರಿಯರಿಂದ ಕೇಳಿದವರಿಗೆ ನಾವು ವಿವರಿಸಬೇಕಾಗಿಲ್ಲ.

ಆದರೆ ಅವರು ಮೂಲೆ ಸೇರಲಿಲ್ಲ. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ 1882ರಲ್ಲಿ ಶಿಕ್ಷಣದ ಬಗ್ಗೆ ವಿಚಾರಣೆ ನಡೆಸಿದ ಹಂಟರ್ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೇ ಬೇಕು, ಸ್ತ್ರೀಯರು ವೈದ್ಯವಿದ್ಯೆಯನ್ನೂ ಕಲಿಯಬೇಕು ಎಂದು ವಾದಿಸಿದರು. ತಾವೇ ವೈದ್ಯೆಯಾಗಬೇಕೆಂಬ ಹಂಬಲದಿಂದ 1883ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ತೆರಳಿದರು. ಕಿವಿ ಮಂದವಾದುದರಿಂದ ಆ ಆಸೆ ಕೈಗೂಡಲಿಲ್ಲ. ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಕನ್ಯಾಸ್ತ್ರೀಯರ ಮಠದಲ್ಲಿ ಅವರು ಉಳಿದುಕೊಂಡರು. ಸಮಾಜವು ಪತಿತೆಯರೆಂದು ತಳ್ಳಿದ ಸ್ತ್ರೀಯರನ್ನು ಆ ಕನ್ಯಾಸ್ತ್ರೀಯರು ಅಕ್ಕರೆಯಿಂದ ಸಾಕುತ್ತಿದ್ದುದನ್ನು ಕಂಡು ಅವರ ಮನಸ್ಸು ಕರಗಿತು. ಸಮಾರ್ಯದ ಸ್ತ್ರೀಯೊಡನೆ ಬಾವಿಯ ಬಳಿ ಮಾತನಾಡಿದ ಕ್ರಿಸ್ತನಲ್ಲಿ, ಹೆಣ್ಣನ್ನು ಹೀನಳೆನ್ನದ ಪ್ರಭುವನ್ನು ಅವರು ಕಂಡರು. 1883ರ ಸೆಪ್ಟೆಂಬರ್ 29ರಂದು ತಾಯಿಯೂ ಮಗಳೂ ಜ್ಞಾನಸ್ನಾನವನ್ನು ಪಡೆದರು.

ಹಾಗೆಂದು ಅವರ ಹಾದಿ ಸುಗಮವಾಗಲಿಲ್ಲ. ಸ್ವದೇಶದಲ್ಲಿ ಅವರನ್ನು ಧರ್ಮದ್ರೋಹಿಯೆಂದು ಜರೆದರು. ಇತ್ತ ಕನ್ಯಾಸ್ತ್ರೀಯರು, ಧರ್ಮೋಪದೇಶವನ್ನು ಪ್ರಶ್ನಿಸದೆ ಒಪ್ಪುವುದಿಲ್ಲವೆಂದು ನೊಂದುಕೊಂಡರು. ಸೆಮಿನರಿಯಲ್ಲಿ ವಿಧೇಯತೆಯನ್ನು ಕಲಿತ ನಮ್ಮಂಥವರಿಗೆ ಅವರ ಎಲ್ಲ ನಿಲುವುಗಳು ಒಪ್ಪಿಗೆಯಾಗಲಾರವು. ಆದರೆ ಮನಸ್ಸಾಕ್ಷಿಗೆ ವಂಚನೆ ಮಾಡಿಕೊಳ್ಳದ ಅವರ ಪ್ರಾಮಾಣಿಕತೆಗೆ ನಾವು ತಲೆಬಾಗುತ್ತೇವೆ.

ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಕಲಿಯುತ್ತಾ ಸಂಸ್ಕೃತ ಬೋಧಿಸಿದ ಬಳಿಕ ಅವರು 1886ರಲ್ಲಿ ಅಮೆರಿಕಕ್ಕೆ ಹೋದರು. ತಮ್ಮ ಬಂಧುವಾದ ಆನಂದಿಬಾಯಿ ಜೋಶಿಯವರು ಫಿಲಡೆಲ್ಫಿಯಾದಲ್ಲಿ ವೈದ್ಯ ಪದವಿ ಪಡೆಯುವುದನ್ನು ನೋಡಲು ಹೋದವರು ಅಲ್ಲಿಯೇ ಎರಡು ವರ್ಷಕ್ಕೂ ಮೇಲ್ಪಟ್ಟು ನಿಂತು ಶಿಶುವಿಹಾರದ ಬೋಧನಾಕ್ರಮವನ್ನು ಕಲಿತರು, ಮರಾಠಿ ಪಠ್ಯಪುಸ್ತಕಗಳನ್ನು ಸಿದ್ಧಪಡಿಸಿದರು, ಹಿಂದೂ ವಿಧವೆಯರ ದುಃಸ್ಥಿತಿಯನ್ನು ಕುರಿತು 1887ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅಲ್ಲಿನ ಸಹೃದಯರು ಅವರ ಶಾಲೆಗೆ ನೆರವಾಗಲು ಸಂಘವೊಂದನ್ನು ಕಟ್ಟಿದರು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ಆರಂಭವಾಯಿತು. ಮೊದಲಿಗೆ ಇದ್ದವರು ಇಬ್ಬರೇ ವಿದ್ಯಾರ್ಥಿನಿಯರು. ಅಲ್ಲಿಗೆ ಮೊದಲು ಸೇರಿದ ವಿಧವೆ ಗೋದೂಬಾಯಿ. ಬಾಲ್ಯದಲ್ಲಿಯೇ ವೈಧವ್ಯಕ್ಕೆ ಗುರಿಯಾದ ಹೆಣ್ಣುಮಗಳು. ಮುಂದೆ 1893ರಲ್ಲಿ ಆಕೆಯನ್ನು ವಿವಾಹವಾದವರೇ ಮಹರ್ಷಿ ಧೋಂಡೋ ಕೇಶವ ಕರ್ವೆಯವರು. 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಮಹನೀಯರು. ಒಬ್ಬ ಬಾಲಿಕೆಗೆ ತೆರೆದ ಬಾಗಿಲಿನಿಂದ ಎಷ್ಟು ಮನೆಗಳಿಗೆ ಬೆಳಕು ಹೋಗುತ್ತದೆಂಬುದನ್ನು ಇದರಿಂದ ತಿಳಿಯಬಹುದು.

1890ರಲ್ಲಿ ಸದನವು ಪುಣೆಗೆ ಬಂದಿತು. ಅಲ್ಲಿ ಕಠಿಣ ಪರೀಕ್ಷೆ ಕಾದಿತ್ತು. ಸದನದಲ್ಲಿ ಮತಬೋಧನೆ ಇರಕೂಡದೆಂಬುದು ಒಪ್ಪಂದ. ಹುಡುಗಿಯರು ತಮ್ಮ ತಮ್ಮ ಆಚಾರಗಳನ್ನು ಪಾಲಿಸಲು ಸ್ವತಂತ್ರರಾಗಿದ್ದರು. ಆದರೆ ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕುಳಿತರು. ಗದ್ದಲವೆದ್ದಿತು, ಪತ್ರಿಕೆಗಳು ಖಂಡಿಸಿದವು. 1893ರಲ್ಲಿ ರಾನಡೆ, ಭಾಂಡಾರಕರರಂಥ ಹಿತೈಷಿಗಳೂ ಸಲಹಾ ಮಂಡಳಿಯಿಂದ ಹೊರಬಂದರು. ಅನೇಕರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಶಾಲೆಗಳನ್ನು ನಡೆಸುವ ಕ್ರೈಸ್ತರಾದ ನಾವು ಇಲ್ಲಿ ನಿಂತು ಯೋಚಿಸಬೇಕಾಗಿದೆ. ಮಕ್ಕಳನ್ನು ನಂಬಿ ಒಪ್ಪಿಸಿದ ಹೆತ್ತವರ ಆತಂಕವು ಅಲ್ಪವಾದುದಲ್ಲ. ಆಶ್ರಯಕ್ಕಾಗಿ ಬಂದ ಮಗುವಿನ ಅಸಹಾಯಕತೆಯನ್ನು ಯಾರೂ ಬಳಸಿಕೊಳ್ಳಬಾರದು. ಹಾಗೆಯೇ ತಾಯಿಯೊಬ್ಬಳು ತನ್ನ ಕೋಣೆಯಲ್ಲಿ ದೇವರನ್ನು ನೆನೆಯುವುದನ್ನು ಬಚ್ಚಿಡಬೇಕಾಗಿಯೂ ಇಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಹೊರಡಿಸಿದ ಘೋಷಣೆಯು ವಿಶ್ವಾಸವನ್ನು ಯಾರ ಮೇಲೂ ಹೇರಲಾಗದೆಂದು ಸ್ಪಷ್ಟಪಡಿಸಿತು. ಆ ತಕ್ಕಡಿಯನ್ನು ಸಮವಾಗಿ ಹಿಡಿಯುವುದು ಅಂದೂ ಕಷ್ಟವಾಗಿತ್ತು, ಇಂದೂ ಕಷ್ಟವೇ.

1896ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮ ಬಂದಿತು. ತಾವೇ ಹಸಿವನ್ನುಂಡವರು ಸುಮ್ಮನಿರಬಲ್ಲರೇ? ರಮಾಬಾಯಿಯವರು ಅಲ್ಲಿಗೆ ಧಾವಿಸಿ, ಎಲುಬಿನ ಗೂಡುಗಳಾಗಿದ್ದ ಮುನ್ನೂರರಷ್ಟು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಿಂದ ಸೋಲಾಪುರದ ಕಡೆ ಸಾಗುವ ರೈಲುಮಾರ್ಗದ ಕೇಡಗಾಂವದಲ್ಲಿ ಅವರಿಗೆ ಜಮೀನಿತ್ತು. ಅಲ್ಲಿ ಮುಕ್ತಿ ಸದನವು ತಲೆಯೆತ್ತಿತು. 1900ರ ಗುಜರಾತಿನ ಕ್ಷಾಮದ ಬಳಿಕ ಅಲ್ಲಿ ಆಶ್ರಯ ಪಡೆದವರ ಸಂಖ್ಯೆ ಸುಮಾರು ಎರಡು ಸಾವಿರಕ್ಕೆ ಮುಟ್ಟಿತು. ಓದು ಬರಹದೊಡನೆ ನೇಯ್ಗೆ, ಹೊಲಿಗೆ, ಬೇಸಾಯ, ಹೈನುಗಾರಿಕೆ, ಎಣ್ಣೆಗಾಣ, ಮುದ್ರಣದ ಕೆಲಸಗಳನ್ನು ಅಲ್ಲಿ ಕಲಿಸಿದರು. ಅಂಧರಿಗೆ ಬ್ರೈಲ್ ಲಿಪಿಯನ್ನು ಹೇಳಿಕೊಟ್ಟರು. ವಂಚಿತೆಯರಿಗೆ ಕೃಪಾ ಸದನ, ವೃದ್ಧೆಯರಿಗೆ ಪ್ರೀತಿ ಸದನ. ಅನ್ನ ಕೊಟ್ಟು ಸುಮ್ಮನಾಗದೆ, ಅನ್ನ ದುಡಿಯುವ ಕೈಯನ್ನೂ ಕೊಟ್ಟರು. ಸೀಬರ್ಡ್ ನೌಕಾನೆಲೆಗಾಗಿ ಮನೆಮಾರು ಬಿಟ್ಟೆದ್ದ ಕುಟುಂಬಗಳನ್ನು ಕಂಡ ನಮ್ಮ ಕರಾವಳಿಯವರಿಗೆ, ನೆಲೆ ತಪ್ಪಿದವರಿಗೆ ಒಂದು ಸೂರು, ಒಂದು ಕಸುಬು ಎಂದರೇನೆಂಬುದು ಚೆನ್ನಾಗಿ ಗೊತ್ತು.

ಇಷ್ಟು ಮಕ್ಕಳ ತಾಯಿಯಾದ ಈಕೆ ಹೆತ್ತದ್ದು ಒಂದೇ ಮಗುವನ್ನು. ಆ ಮಗಳ ಪಾಲಿಗೆ ತಾಯಿ ಎಷ್ಟು ದೊರೆತಳು? ಮನೋರಮೆಯ ಬಾಲ್ಯದ ಬಹುಭಾಗ ಕನ್ಯಾಸ್ತ್ರೀಯರ ಆರೈಕೆಯಲ್ಲಿ, ಪರದೇಶದ ವಸತಿಶಾಲೆಗಳಲ್ಲಿ ಕಳೆಯಿತು. ಇದು ಆ ಜೀವನದ ನೋವಿನ ಎಳೆ. ಅದನ್ನು ಮರೆಮಾಚಿ ಹೊಗಳುವುದು ಸರಿಯಲ್ಲ. ಆದರೆ ಮಗಳು ಕಲಿತು ಹಿಂದಿರುಗಿದ್ದು ತಾಯಿಯ ಪಕ್ಕಕ್ಕೇ. ಶಾರದಾ ಸದನದ ಮುಖ್ಯೋಪಾಧ್ಯಾಯಿನಿಯಾಗಿ ದುಡಿದಳು. ನಮ್ಮ ನಾಡಿನ ಗುಲ್ಬರ್ಗದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಬಾಲಿಕೆಯರ ಶಾಲೆ ತೆರೆದಾಗಲೂ ಆಕೆ ತಾಯಿಗೆ ಹೆಗಲು ಕೊಟ್ಟಳು. ಕನ್ನಡ ನೆಲದಿಂದ ಬುಟ್ಟಿಯಲ್ಲಿ ಹೊರಟ ಮಗು ಅರ್ಧ ಶತಮಾನದ ತರುವಾಯ ಕನ್ನಡ ನೆಲಕ್ಕೆ ಶಾಲೆಯೊಂದನ್ನು ತಂದಿತೆಂದು ನಾವು ಸಂತೋಷದಿಂದ ನೆನೆಯುತ್ತೇವೆ.

ತಾಯಿ ತನ್ನ ಕಾರ್ಯಭಾರವನ್ನೆಲ್ಲ ಮಗಳಿಗೆ ವಹಿಸಬೇಕೆಂದಿದ್ದರು. ದೈವಚಿತ್ತ ಬೇರೆಯಿತ್ತು. 1921ರ ಜುಲೈಯಲ್ಲಿ, ನಲವತ್ತರ ಪ್ರಾಯದಲ್ಲಿ, ಮನೋರಮೆ ತಾಯಿಗಿಂತ ಮೊದಲೇ ಕಣ್ಣುಮುಚ್ಚಿದಳು. ಮಗನ ಮೃತದೇಹವನ್ನು ಮಡಿಲಲ್ಲಿಟ್ಟುಕೊಂಡ ವ್ಯಾಕುಲಮಾತೆಯ ಮುಂದೆ ಮೊಂಬತ್ತಿ ಹಚ್ಚುವ ನಮಗೆ ಆ ದುಃಖದ ಆಳ ಅರ್ಥವಾಗುತ್ತದೆ. ರಮಾಬಾಯಿಯವರು ಶೋಕದಲ್ಲಿಯೂ ಕೈಯಲ್ಲಿದ್ದ ಕೆಲಸವನ್ನು ಬಿಡಲಿಲ್ಲ. ಓದು ಕಡಿಮೆಯಿದ್ದ ಹೆಂಗಸರಿಗೂ ತಿಳಿಯುವಂತೆ ಪವಿತ್ರ ಬೈಬಲನ್ನು ಸರಳ ಮರಾಠಿಗೆ ತರಲು ಅವರು ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು ವರ್ಷಗಟ್ಟಲೆ ಶ್ರಮಿಸಿದ್ದರು. ಸದನದ ಹೆಣ್ಣುಮಕ್ಕಳೇ ಮೊಳೆ ಜೋಡಿಸಿ ಅದನ್ನು ಅಚ್ಚುಮಾಡುತ್ತಿದ್ದರು. ಆ ಅನುವಾದವನ್ನು ಪೂರ್ಣಗೊಳಿಸಿ, 1922ರ ಏಪ್ರಿಲ್ 5ರಂದು, ಅರವತ್ತನಾಲ್ಕು ತುಂಬಲು ಕೆಲವೇ ದಿನಗಳಿರುವಾಗ, ಅವರು ಪ್ರಭುವಿನಲ್ಲಿ ನಿದ್ರಿಸಿದರು. ಸರಕಾರವು 1919ರಲ್ಲಿ ಅವರಿಗೆ ಕೈಸರ್-ಎ-ಹಿಂದ್ ಪದಕವನ್ನಿತ್ತಿತ್ತು. ಸ್ವತಂತ್ರ ಭಾರತವು 1989ರಲ್ಲಿ ಅವರ ಹೆಸರಿನ ಅಂಚೆಚೀಟಿಯನ್ನು ಹೊರತಂದಿತು. ಕೇಡಗಾಂವದ ಸಂಸ್ಥೆಯು ಇಂದಿಗೂ ಅನಾಥರ ಮನೆಯಾಗಿ ಉಳಿದಿದೆ.

ಪ್ರಿಯ ಭಕ್ತಾದಿಗಳೇ, ಲಕ್ಷ್ಮೀಬಾಯಿಯವರಿಂದ ರಮಾಬಾಯಿಗೆ, ರಮಾಬಾಯಿಯವರಿಂದ ಮನೋರಮೆಗೂ ಸಹಸ್ರಾರು ಹೆಣ್ಣುಮಕ್ಕಳಿಗೂ ಒಂದು ಪಾಠ ಹರಿದು ಬಂದಿತು. ಅದು ನಸುಕಿನಲ್ಲಿ, ಮಡಿಲಲ್ಲಿ ಆರಂಭವಾದ ಪಾಠ. ನಮ್ಮ ಮನೆಗಳಲ್ಲಿ ಆ ಮಡಿಲು ಬರಿದಾಗದಿರಲಿ. ದುಡಿದು ಬಂದ ತಾಯಿ ಮಗುವಿನ ಪುಸ್ತಕವನ್ನೊಮ್ಮೆ ಬಿಡಿಸಿ ನೋಡಲಿ. ಶಾಲೆಯ ಅಕ್ಕೋರು, ಬುತ್ತಿಯಿಲ್ಲದೆ ಬಂದ ಮಗುವಿನ ಮುಖವನ್ನು ಗುರುತಿಸಲಿ. ತನ್ನ ಮಕ್ಕಳ ಜತೆಗೆ ಇನ್ನೊಂದು ಮಗುವಿಗೂ ಸ್ಥಳವಿರುವ ಮನೆಯೇ ದೇವರಿಗೆ ಮೆಚ್ಚುಗೆಯಾದ ಆಲಯ. ಮುಂದಿನ ನೂರು ವರ್ಷಗಳ ಅಡಿಗಲ್ಲು ಅಂಥ ಮನೆಗಳೇ ಆಗಲೆಂದು, ನಮ್ಮ ಧರ್ಮಕೇಂದ್ರದ ಎಲ್ಲ ತಾಯಂದಿರನ್ನೂ ಶಿಕ್ಷಕಿಯರನ್ನೂ ಮಾತೆ ಮರಿಯಳ ಮಧ್ಯಸ್ಥಿಕೆಗೆ ಒಪ್ಪಿಸಿ ನಾವು ಪ್ರಾರ್ಥಿಸುತ್ತೇವೆ.