ಸರ್ ಜಮ್‌ಶೇಟ್‌ಜಿ ಜೀಜಿಭಾಯಿ

ಬೈಕುಲ್ಲಾದ ನಮ್ಮ ಮಕ್ಕಳಿಗೆ ಜೆ. ಜೆ. ಆಸ್ಪತ್ರೆಯ ಹೆಸರು ಬಾಯಿಪಾಠ. ಕೈ ಮುರಿದರೂ ಜ್ವರ ಏರಿದರೂ ಅಲ್ಲಿಗೇ ಓಡುವೆವು. ಆದರೆ ಆ ಎರಡು ಅಕ್ಷರಗಳ ಹಿಂದಿರುವ ಮಹನೀಯರು ಯಾರೆಂದು ತರಗತಿಯಲ್ಲಿ ಕೇಳಿದಾಗ ಉತ್ತರ ಬರಲಿಲ್ಲ. ಊರು ಬಿಟ್ಟು ಈ ನಗರವನ್ನು ಸೇರಿದ ನಾವೂ ಬಹುಕಾಲ ಅದನ್ನು ಅರಿಯದೆಯೇ ಇದ್ದೆವು.

ಜಮ್‌ಶೇಟ್‌ಜಿಯವರು 1783ರಲ್ಲಿ ಬಡ ಪಾರ್ಸಿ ಕುಟುಂಬದಲ್ಲಿ ಜನಿಸಿದರು. ಹದಿನಾರರ ಹರೆಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಮುಂಬಯಿಯಲ್ಲಿ ಬಾಟಲಿಗಳ ವ್ಯಾಪಾರ ಮಾಡುತ್ತಿದ್ದ ಸೋದರಮಾವನ ಆಶ್ರಯ ಪಡೆದರು. 1803ರಲ್ಲಿ ಆ ಮಾವನ ಮಗಳಾದ ಆವಾಬಾಯಿಯವರನ್ನು ವರಿಸಿದರು. ಹಲವು ಬಾರಿ ಚೀನಕ್ಕೆ ಹಡಗೇರಿ ಹೋದರು. ಒಮ್ಮೆ ಫ್ರೆಂಚರಿಗೆ ಸೆರೆಸಿಕ್ಕಿದುದೂ ಉಂಟು. ಹತ್ತಿಯಿಂದಲೂ ಅಫೀಮಿನಿಂದಲೂ ಅಪಾರ ಧನವನ್ನು ಗಳಿಸಿದರು. ಅಫೀಮಿನ ಮಾತನ್ನು ಮುಚ್ಚಿಡುವುದು ಅಧ್ಯಾಪಕರಾದ ನಮಗೆ ತರವಲ್ಲ. ಅದರಿಂದ ಚೀನದ ಎಷ್ಟೋ ಮನೆಗಳು ಹಾಳಾದುವು.

1838ರಲ್ಲಿ ಅವರು ಆಸ್ಪತ್ರೆಗೆಂದು ಒಂದು ಲಕ್ಷ ರೂಪಾಯಿ ಕೊಡಲು ಮುಂದಾದರು. ಕಂಪೆನಿ ಸರಕಾರವೂ ಅಷ್ಟೇ ಹಣವನ್ನು ಕೂಡಿಸಿತು. 1843ರಲ್ಲಿ ಅಡಿಗಲ್ಲು ಬಿದ್ದು, 1845ರಲ್ಲಿ ಬಾಗಿಲು ತೆರೆಯಿತು.

ನಮ್ಮ ಮನಸ್ಸನ್ನು ಹೆಚ್ಚು ಸೆಳೆದುದು ಮಾಹಿಮ್ ಸೇತುಮಾರ್ಗದ ಕಥೆ. ಆಗ ಮಾಹಿಮ್ ಒಂದು ದ್ವೀಪ. ಬಾಂದ್ರಾಕ್ಕೆ ಹೋಗಬೇಕಾದರೆ ಕೊಲ್ಲಿಯನ್ನು ದೋಣಿಯಲ್ಲಿ ದಾಟಬೇಕು. ಮಳೆಗಾಲದಲ್ಲಿ ದೋಣಿಗಳು ಮಗುಚಿ ಜನ ಸಾಯುತ್ತಿದ್ದರು. ಹುಟ್ಟೂರಿನ ಕಡವಿನಲ್ಲಿ ಉಕ್ಕುವ ಹೊಳೆಯನ್ನು ನೋಡುತ್ತ ದೋಣಿ ಕಾದ ನಮಗೆ ಆ ಭಯವನ್ನು ಯಾರೂ ವಿವರಿಸಬೇಕಾಗಿಲ್ಲ. ಸೇತುಮಾರ್ಗಕ್ಕೆ ಕಂಪೆನಿ ಸರಕಾರ ಹಣ ಬಿಚ್ಚಲಿಲ್ಲ. ಆಗ ಆವಾಬಾಯಿಯವರು ಒಂದು ಲಕ್ಷ ರೂಪಾಯಿ ಕೊಟ್ಟರು. ಅದು ಸಾಲದೆ ಕೆಲಸ ನಿಲ್ಲುವಂತಾದಾಗ ಮತ್ತೆ 57,000 ರೂಪಾಯಿಗಳನ್ನಿತ್ತರು. ಅವರು ಒಂದು ಕರಾರು ಹಾಕಿದರು: ದಾಟುವವರಿಂದ ಸುಂಕ ವಸೂಲು ಮಾಡಕೂಡದು. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತವಳಿಗೂ ಸಾರೋಟಿನಲ್ಲಿ ಕುಳಿತವನಿಗೂ ದಾರಿ ಒಂದೇ ಆಯಿತು. ಇದೇ ಕೊಲ್ಲಿಯ ಮೇಲೆ 2009ರಲ್ಲಿ ತೆರೆದ ಬಾಂದ್ರಾ-ವರ್ಲಿ ಸೇತುವೆಗೆ ಸುಂಕವುಂಟು, ಕಾಲುನಡಿಗೆಯವರಿಗೆ ಪ್ರವೇಶವಿಲ್ಲ.

ಖಾಸಗಿ ಹಣದ ಇನ್ನೊಂದು ಬಗೆಯನ್ನೂ ಬೈಕುಲ್ಲಾ ಕಂಡಿದೆ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಓಡಿದ ಪ್ರಥಮ ರೈಲು ಇಲ್ಲಿಂದಲೇ ಹಾದುಹೋಯಿತು. ಆ ಕಂಪೆನಿಗೆ ಒತ್ತಾಸೆಯಾಗಿ ನಿಂತವರಲ್ಲಿ ಜಗನ್ನಾಥ ಶಂಕರಶೇಟರೊಡನೆ ಜಮ್‌ಶೇಟ್‌ಜಿಯವರೂ ಇದ್ದರು. ಆದರೆ ಅಲ್ಲಿ ಪಾಲುದಾರರಿಗೆ ನೂರಕ್ಕೆ ಐದರ ಬಡ್ಡಿಯನ್ನು ಸರಕಾರವೇ ಖಾತರಿಪಡಿಸಿತ್ತು. ಲಾಭ ಕಡಿಮೆಯಾದರೆ ಕೊರತೆಯನ್ನು ತುಂಬುತ್ತಿದ್ದುದು ಈ ದೇಶದ ರೈತನ ಕಂದಾಯ! ಆವಾಬಾಯಿಯವರ ಸೇತುಮಾರ್ಗವು ಯಾರಿಂದಲೂ ಬಡ್ಡಿ ಬೇಡಲಿಲ್ಲ. ಎಲ್ಲ ಕೆಲಸಗಳಿಗೂ ಇಂಥ ದಾನಿಗಳು ಸಿಕ್ಕಾರೆ ಎಂದರೆ, ಸಿಗಲಾರರು. ಬರಿಯ ದಾನದಿಂದ ರೈಲುದಾರಿಗಳು ಹುಟ್ಟುತ್ತಿರಲಿಲ್ಲವೆಂಬುದನ್ನೂ ಒಪ್ಪಬೇಕು.

1842ರಲ್ಲಿ ನೈಟ್ ಪದವಿಯೂ 1857ರಲ್ಲಿ ಬ್ಯಾರೊನೆಟ್ ಪದವಿಯೂ ಜಮ್‌ಶೇಟ್‌ಜಿಯವರಿಗೆ ದೊರೆತುವು. ಎರಡನ್ನೂ ಪಡೆದ ಮೊದಲ ಭಾರತೀಯರು ಅವರೇ. 1859ರಲ್ಲಿ ಕಾಲವಾದರು. ಮಾಹಿಮ್‌ನತ್ತ ಹೋಗುವ ಹೆದ್ದಾರಿಗೆ ಲೇಡಿ ಜಮ್‌ಶೇಟ್‌ಜಿಯವರ ಹೆಸರಿದೆ. ಜನರ ಬಾಯಲ್ಲಿ ಅದೂ ಎಲ್. ಜೆ. ರೋಡ್ ಎಂಬ ಎರಡು ಅಕ್ಷರಗಳಾಗಿ ಉಳಿದಿದೆ.