ಐದೂವರೆ ಗಂಟೆಯ ಲೆಕ್ಕ

ಶಾಲೆಯಲ್ಲಿ ಮಕ್ಕಳಿಗೆ ಏನನ್ನು ಕಲಿಸಬೇಕು ಎಂಬ ಪ್ರಶ್ನೆ ಎದ್ದಾಗಲೆಲ್ಲ ನಮ್ಮಲ್ಲಿ ಚರ್ಚೆ ಪಾಠಗಳ ಸೇರ್ಪಡೆಯ ಸುತ್ತಲೇ ಗಿರಕಿ ಹೊಡೆಯುತ್ತದೆ. 2022ರಲ್ಲಿ ನಮ್ಮ ರಾಜ್ಯದ ಪಠ್ಯಪುಸ್ತಕ ಪರಿಷ್ಕರಣೆಯ ವಿವಾದದಲ್ಲೂ ಯಾರ ಪಾಠ ಬಂತು, ಯಾರದು ಹೋಯಿತು ಎಂಬುದೇ ಮುಖ್ಯವಾಯಿತು. ಮಗುವಿನ ಬಳಿ ಇರುವ ಸಮಯ ಎಷ್ಟು ಎಂದು ಕೇಳಿದವರು ವಿರಳ. ಸೇವೆಯಲ್ಲಿದ್ದಾಗ ಇಂಥದೊಂದು ಸಭೆಯಲ್ಲಿ ನಾನೂ ಕುಳಿತಿದ್ದೆ. ಸೇರಿಸಬೇಕಾದ ವಿಷಯಗಳ ಪಟ್ಟಿ ಎರಡು ಪುಟ ತುಂಬಿತು. ಕೈಬಿಡಬೇಕಾದವುಗಳ ಶೀರ್ಷಿಕೆಯ ಕೆಳಗೆ ಒಂದು ಸಾಲೂ ಬೀಳಲಿಲ್ಲ. ನಡಾವಳಿ ಬರೆದವನು ನಾನೇ ಆದ್ದರಿಂದ ಅದು ಇಂದಿಗೂ ನೆನಪಿದೆ. ಆ ದಿನಗಳಲ್ಲಿಯೇ ನಾನು 1937ರ ಜಾಕೀರ್ ಹುಸೇನ್ ಸಮಿತಿಯ ವರದಿಯನ್ನು ಮೊದಲ ಸಲ ಓದಿದ್ದು.

ಜಾಕೀರ್ ಹುಸೇನ್ ಎಂದರೆ ನಮ್ಮ ತಲೆಮಾರಿಗೆ ಗಡ್ಡ, ಟೋಪಿ, ಶೇರ್ವಾನಿಯ ರಾಷ್ಟ್ರಪತಿಯ ಚಿತ್ರ. ಅವರು ಅರ್ಥಶಾಸ್ತ್ರಜ್ಞರಾಗಿದ್ದರು ಎಂಬುದು ಮರೆತೇಹೋಗಿದೆ. 1897ರ ಫೆಬ್ರುವರಿಯಲ್ಲಿ ಹೈದರಾಬಾದಿನಲ್ಲಿ ಜನಿಸಿದ ಅವರು ಬಾಲ್ಯದಲ್ಲೇ ತಂದೆಯನ್ನೂ, 1911ರಲ್ಲಿ ಪ್ಲೇಗಿಗೆ ತಾಯಿಯನ್ನೂ ಕಳೆದುಕೊಂಡರು. 1920ರಲ್ಲಿ ಅಲಿಗಢದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ, ಸರ್ಕಾರಿ ನೆರವಿನ ವಿದ್ಯಾಸಂಸ್ಥೆಗಳನ್ನು ತೊರೆಯಬೇಕೆಂಬ ಗಾಂಧೀಜಿಯವರ ಕರೆಗೆ ಓಗೊಟ್ಟು ಹೊರಬಂದರು. ಹಾಗೆ ಹೊರಬಂದವರು ಅದೇ ವರ್ಷದ ಅಕ್ಟೋಬರಿನಲ್ಲಿ ಕಟ್ಟಿದ ಸಂಸ್ಥೆಯೇ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ. ಅನಂತರ ಅವರು ಬರ್ಲಿನ್ನಿಗೆ ತೆರಳಿ, ಬ್ರಿಟಿಷ್ ಇಂಡಿಯಾದ ಕೃಷಿ ವ್ಯವಸ್ಥೆಯ ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದರು. ಕೈಕೆಲಸದ ಮೂಲಕ ಮಗುವಿನ ಬುದ್ಧಿ, ಶೀಲ ಎರಡೂ ಬೆಳೆಯುತ್ತವೆ ಎಂದು ಪ್ರತಿಪಾದಿಸಿದ ಜರ್ಮನ್ ಶಿಕ್ಷಣತಜ್ಞ ಕೆರ್ಶೆನ್‌ಸ್ಟೈನರ್ ಅವರ ವಿಚಾರಗಳು ಅವರನ್ನು ಹಿಡಿದದ್ದು ಅಲ್ಲಿಯೇ.

ಖಿಲಾಫತ್ ಚಳವಳಿ ತಣ್ಣಗಾದ ಮೇಲೆ ಜಾಮಿಯಾಕ್ಕೆ ಹಣದ ಮೂಲ ಬತ್ತಿಹೋಗಿತ್ತು. ತಾವು ಹಿಂದಿರುಗಿ ದುಡಿಯಲು ಸಿದ್ಧರಿದ್ದೇವೆ, ಮುಚ್ಚಬೇಡಿ ಎಂದು ಜರ್ಮನಿಯಿಂದಲೇ ಸಂದೇಶ ಕಳುಹಿಸಿ, 1926ರಲ್ಲಿ ಇಬ್ಬರು ಗೆಳೆಯರೊಡನೆ ಬಂದು ಚುಕ್ಕಾಣಿ ಹಿಡಿದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಪಡೆಯದೆ 20 ವರ್ಷ ದುಡಿಯುವುದಾಗಿ ಅವರೂ ಸಹೋದ್ಯೋಗಿಗಳೂ ಪ್ರತಿಜ್ಞೆ ಮಾಡಿದರು. ವೇತನ ಆಯೋಗಗಳ ನೆರಳಿನಲ್ಲಿ ವೃತ್ತಿ ಮುಗಿಸಿದ ನನ್ನಂಥವನು ಈ ಸಂಗತಿಯನ್ನು ಸ್ವಲ್ಪ ಸಂಕೋಚದಿಂದಲೇ ಬರೆಯಬೇಕು.

1937ರಲ್ಲಿ ಪ್ರಾಂತಗಳಲ್ಲಿ ಕಾಂಗ್ರೆಸ್ ಸರ್ಕಾರಗಳು ಬಂದವು. ಎಲ್ಲ ಮಕ್ಕಳಿಗೂ ಶಿಕ್ಷಣ ಬೇಕು, ಖಜಾನೆಯಲ್ಲಿ ಹಣವಿಲ್ಲ. ಹೆಂಡದ ತೆರಿಗೆಯನ್ನು ನೆಚ್ಚುವುದು ಗಾಂಧೀಜಿಗೆ ಒಪ್ಪಿಗೆಯಿರಲಿಲ್ಲ. ಶಾಲೆ ಒಂದು ಕಸುಬಿನ ಸುತ್ತ ನಡೆಯಲಿ, ಮಕ್ಕಳು ತಯಾರಿಸಿದ ವಸ್ತುಗಳಿಂದ ಉಪಾಧ್ಯಾಯರ ಸಂಬಳ ಹೊರಡಲಿ ಎಂಬುದು ಅವರ ಸಲಹೆ. ಇದನ್ನು ಚರ್ಚಿಸಲು ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಅವರದೇ ಅಧ್ಯಕ್ಷತೆಯಲ್ಲಿ ಸಮ್ಮೇಳನ ನಡೆಯಿತು. ಅಲ್ಲಿ ಜಾಕೀರ್ ಹುಸೇನ್ ಎದ್ದು ನಿಂತು, ಕೆಲಸದ ಮೂಲಕ ಶಿಕ್ಷಣವೆಂಬುದು ಹೊಸದಲ್ಲ, ತಕಲಿಯೊಂದರಿಂದಲೇ ಎಲ್ಲವನ್ನೂ ಕಲಿಸಲಾಗದು, ಸ್ವಾವಲಂಬನೆಗೆ ಅತಿಯಾದ ಒತ್ತು ಕೊಟ್ಟರೆ ಅಪಾಯವಿದೆ ಎಂದು ನೇರವಾಗಿಯೇ ಹೇಳಿದರು. ಗಾಂಧೀಜಿಯವರು ಕೋಪಿಸಿಕೊಳ್ಳಲಿಲ್ಲ. ಪಠ್ಯಕ್ರಮ ರೂಪಿಸುವ ಸಮಿತಿಗೆ ಈ ಟೀಕಾಕಾರರೇ ಅಧ್ಯಕ್ಷರಾದರು! ಸಮಿತಿಗಳ ರಚನೆಯಲ್ಲಿ ಪಳಗಿದ ಯಾವ ಕಾರ್ಯದರ್ಶಿಯೂ ಅಂಥ ಟಿಪ್ಪಣಿ ಮಂಡಿಸಲು ಧೈರ್ಯ ಮಾಡುತ್ತಿರಲಿಲ್ಲ.

ವಿನೋಬಾ, ಕಾಕಾ ಕಾಲೇಲ್ಕರ್, ಜೆ.ಸಿ. ಕುಮಾರಪ್ಪ, ಕೆ.ಟಿ. ಶಾ, ಕೆ.ಜಿ. ಸೈಯದೈನ್, ಆರ್ಯನಾಯಕಂ ದಂಪತಿ ಮುಂತಾದವರಿದ್ದ ಆ ಸಮಿತಿ ಡಿಸೆಂಬರ್ ಆರಂಭದಲ್ಲೇ ವರದಿ ಒಪ್ಪಿಸಿತು. ಸುಮಾರು ಆರು ವಾರಗಳ ಕೆಲಸ. ಏಳರಿಂದ ಹದಿನಾಲ್ಕು ವರ್ಷದವರೆಗೆ ಉಚಿತ, ಕಡ್ಡಾಯ ಶಿಕ್ಷಣ, ಮಾಧ್ಯಮ ಮಾತೃಭಾಷೆ. ಶಾಲೆಯ ದಿನ ಐದೂವರೆ ಗಂಟೆ. ಅದರಲ್ಲಿ ಕಸುಬಿಗೆ 3 ಗಂಟೆ 20 ನಿಮಿಷ. ಮಾತೃಭಾಷೆಗೆ 40 ನಿಮಿಷ; ಸಂಗೀತ, ಚಿತ್ರಕಲೆ, ಗಣಿತ ಮೂರಕ್ಕೂ ಸೇರಿ 40 ನಿಮಿಷ; ಸಮಾಜ ಪರಿಚಯ ಮತ್ತು ಸಾಮಾನ್ಯ ವಿಜ್ಞಾನಕ್ಕೆ ಅರ್ಧ ಗಂಟೆ. ಅಂಗಸಾಧನೆಗೆ 10, ವಿರಾಮಕ್ಕೆ 10. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಈ ಪಟ್ಟಿ ಮುಂಗಡಪತ್ರದಂತೆಯೇ ಕಾಣುತ್ತದೆ: ಒಂದು ಬಾಬಿಗೆ ಕೊಟ್ಟ ನಿಮಿಷವನ್ನು ಇನ್ನೊಂದರಿಂದ ಕಿತ್ತುಕೊಂಡಿರಲೇಬೇಕು. ಇಂಗ್ಲಿಷಿಗೆ ಒಂದು ನಿಮಿಷವೂ ಇರಲಿಲ್ಲ. ಧಾರ್ಮಿಕ ಬೋಧನೆಗೂ ಇರಲಿಲ್ಲ.

ಕಸುಬಿಗೆ ದಿನದ ಶೇಕಡ 60 ಭಾಗ ಕೊಟ್ಟದ್ದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ನೂಲುವಾಗಲೇ ಗಣಿತ, ಹತ್ತಿಯ ನೆಪದಲ್ಲೇ ಭೂಗೋಳ ಎಂಬ ಸಮನ್ವಯದ ವಾದವನ್ನು ನಾನು ಬಲ್ಲೆ. ಆದರೆ ಹಾಗೆ ಕಲಿಸಬಲ್ಲ ಉಪಾಧ್ಯಾಯರು ದೇಶದಲ್ಲಿ ಎಷ್ಟು ಮಂದಿ ಇದ್ದರು? ವಿಶೇಷವೆಂದರೆ ವರದಿಯೇ ಈ ಅಪಾಯವನ್ನು ಗುರುತಿಸಿತ್ತು. ಹಣದ ಲೆಕ್ಕವೇ ಮುಂದಾದರೆ ಉಪಾಧ್ಯಾಯರು ಮಕ್ಕಳಿಂದ ಆದಷ್ಟೂ ದುಡಿಮೆ ಹಿಂಡಲು ತೊಡಗಿ, ಕಲಿಕೆ ಹಿಂದೆ ಬೀಳುತ್ತದೆ ಎಂದು ಅದು ಎಚ್ಚರಿಸಿತು. ಮಕ್ಕಳ ದುಡಿಮೆಯಿಂದ ಎಷ್ಟು ಆದಾಯ ಬಂದೀತೆಂಬ ಅಂದಾಜುಗಳೂ ಅದೇ ವರದಿಯಲ್ಲಿವೆ. ಸಮಿತಿಯೊಳಗಿನ ಜಗ್ಗಾಟ ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಧಾರ್ಮಿಕ ಬೋಧನೆಯ ವಿಷಯದಲ್ಲಿ ಅವರು ತೆತ್ತ ಬೆಲೆ ದೊಡ್ಡದು. ಜಾಮಿಯಾದಲ್ಲಿ ಇಸ್ಲಾಂ ಧರ್ಮದ ಬೋಧನೆಗೆ ಸ್ಥಾನವಿತ್ತು. ಅದನ್ನು ನಡೆಸುತ್ತಿದ್ದವರೇ ಎಲ್ಲ ಮತದ ಮಕ್ಕಳೂ ಸೇರುವ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಅದನ್ನು ಬಿಟ್ಟದ್ದು ಮುಸ್ಲಿಂ ಲೀಗಿಗೆ ಸಹಿಸಲಾಗಲಿಲ್ಲ. 1938ರಿಂದಲೇ ಅದು ಯೋಜನೆಯ ಮೇಲೆ ಮುಗಿಬಿತ್ತು. ಅವರು ಹಿಂದೆ ಸರಿಯಲಿಲ್ಲ. ಹಿಂದುಸ್ತಾನಿ ತಾಲೀಮಿ ಸಂಘದ ಅಧ್ಯಕ್ಷರಾಗಿ ಸೇವಾಗ್ರಾಮದ ಪ್ರಯೋಗವನ್ನು ಮುಂದುವರಿಸಿದರು. 1946ರ ನವೆಂಬರಿನಲ್ಲಿ, ದೇಶ ಹೊತ್ತಿ ಉರಿಯುತ್ತಿದ್ದಾಗ, ಜಾಮಿಯಾದ ಬೆಳ್ಳಿಹಬ್ಬಕ್ಕೆ ನೆಹರೂ, ಜಿನ್ನಾ ಇಬ್ಬರನ್ನೂ ಒಂದೇ ವೇದಿಕೆಗೆ ಕರೆತಂದರು. ಮರುವರ್ಷ ಆಗಸ್ಟಿನಲ್ಲಿ ಜಲಂಧರ್ ರೈಲು ನಿಲ್ದಾಣದಲ್ಲಿ ಗುಂಪೊಂದರ ಕೈಗೆ ಸಿಕ್ಕಿ ಕೊಲೆಯಾಗುವುದರಲ್ಲಿದ್ದರು; ಒಬ್ಬ ಸಿಖ್ ಸೇನಾಧಿಕಾರಿ ಮತ್ತು ಒಬ್ಬ ಹಿಂದೂ ರೈಲ್ವೆ ಅಧಿಕಾರಿ ಅವರ ಪ್ರಾಣ ಉಳಿಸಿದರು.

ಮುಂದಿನದು ಎಲ್ಲರೂ ಬಲ್ಲ ಕತೆ: ಅಲಿಗಢದ ಕುಲಪತಿ, ಬಿಹಾರದ ರಾಜ್ಯಪಾಲ, 1962ರಲ್ಲಿ ಉಪರಾಷ್ಟ್ರಪತಿ, 1967ರಲ್ಲಿ ರಾಷ್ಟ್ರಪತಿ. ಈ ನಡುವೆ ಮೂಲಶಿಕ್ಷಣ ಕಾಗದದ ಮೇಲೆ ಹಬ್ಬಿತು, ಶಾಲೆಯಲ್ಲಿ ಸೊರಗಿತು. ನಡೆಯುತ್ತಿರುವ ರೀತಿ ತಮಗೆ ತೃಪ್ತಿ ತಂದಿಲ್ಲವೆಂದು ಅವರು ಬಹಿರಂಗವಾಗಿಯೇ ಹೇಳಿದರು. ಅವರ ಸಮಿತಿ ಸಲಹೆ ಮಾಡಿದ್ದ ಉಚಿತ, ಕಡ್ಡಾಯ ಶಿಕ್ಷಣ ಮಗುವಿನ ಹಕ್ಕೆಂಬ ಕಾನೂನಾದದ್ದು 2009ರಲ್ಲಿ.

ನಮ್ಮೂರಿನ ಪ್ರಾಥಮಿಕ ಶಾಲೆಯಲ್ಲಿ ತಕಲಿಗೆ ವಾರಕ್ಕೊಂದು ಅವಧಿ ಇತ್ತು. ಮೇಷ್ಟರಿಗೆ ನೂಲು ಪದೇಪದೇ ಕಡಿಯುತ್ತಿತ್ತು. ನಮ್ಮಲ್ಲಿ ನೇಕಾರರ ಮನೆಯ ಒಬ್ಬ ಹುಡುಗನಿಗೆ ಮಾತ್ರ ಕಡಿಯುತ್ತಿರಲಿಲ್ಲ. ಆ ಒಂದು ಅವಧಿಯಲ್ಲಿ, ಉಳಿದೆಲ್ಲದರಲ್ಲೂ ಹಿಂದಿನ ಬೆಂಚಿನವನಾದ ಅವನು ನಮಗೆಲ್ಲ ಮೇಷ್ಟರಾಗುತ್ತಿದ್ದ. 1969ರ ಮೇ 3ರಂದು ರಾಷ್ಟ್ರಪತಿಗಳು ಅಧಿಕಾರದಲ್ಲಿರುವಾಗಲೇ ತೀರಿಕೊಂಡರು, ಜಾಮಿಯಾದ ಆವರಣದಲ್ಲೇ ಮಣ್ಣಾದರು. ಬೇಸಿಗೆ ರಜೆಯಾದ್ದರಿಂದ ನಮಗೆ ಬೇರೆ ರಜೆ ಸಿಗಲಿಲ್ಲ. ಜೂನಿನಲ್ಲಿ ಶಾಲೆ ತೆರೆದಾಗ ವೇಳಾಪಟ್ಟಿಯಲ್ಲಿ ತಕಲಿಯ ಅವಧಿ ಇರಲಿಲ್ಲ. ಆ ಜಾಗಕ್ಕೆ ಗಣಿತ ಬಂದಿತ್ತು.