ಅಕ್ಷರಗಳನ್ನು ಎಣಿಸಿದ ಅಲ್ ಕಿಂದಿ

ಮದ್ರಸದಲ್ಲಿ ನಾವು ಮಕ್ಕಳಿಗೆ ಮೊದಲು ಕಲಿಸುವುದು ಅಲಿಫ್, ಬಾ, ತಾ. ಈ ಅಕ್ಷರಗಳನ್ನೇ ಕೂತು ಎಣಿಸಿ, ಜಗತ್ತಿಗೆ ಹೊಸ ಲೆಕ್ಕ ಕಲಿಸಿದ ಒಬ್ಬ ವಿದ್ವಾಂಸರಿದ್ದರು. ಅವರೇ ಯಾಕೂಬ್ ಇಬ್ನ್ ಇಸ್‌ಹಾಕ್ ಅಲ್ ಕಿಂದಿ.

ಸುಮಾರು ಕ್ರಿ.ಶ. 801ರಲ್ಲಿ ಇರಾಕಿನ ಕೂಫಾದಲ್ಲಿ ಜನನ. ತಂದೆ ಅಲ್ಲಿನ ರಾಜ್ಯಪಾಲರು. ಬಗ್ದಾದಿನಲ್ಲಿ ಖಲೀಫ ಮಅ್‌ಮೂನ್ ಮತ್ತು ಮುಅ್‌ತಸಿಮ್ ಇವರಿಗೆ ಆಶ್ರಯ ಕೊಟ್ಟರು. ಮುಅ್‌ತಸಿಮ್‌ರ ಮಗನಿಗೆ ಇವರೇ ಉಸ್ತಾದ್. ವೈದ್ಯ, ಗಣಿತ, ಸಂಗೀತ, ತತ್ವಶಾಸ್ತ್ರ ಎಲ್ಲದರಲ್ಲೂ ಬರೆದರು. ಅರಬರ ತತ್ವಜ್ಞಾನಿ ಎಂದೇ ಹೆಸರಾದರು.

ಗುಪ್ತ ಪತ್ರಗಳನ್ನು ಬಿಡಿಸುವ ಬಗ್ಗೆಯೂ ಅವರದೊಂದು ರಿಸಾಲ ಇದೆ. ಅದಕ್ಕಾಗಿ ಅವರು 3667 ಅರಬಿ ಅಕ್ಷರಗಳನ್ನು ಎಣಿಸಿದರು. ಅಲಿಫ್ 600 ಸಲ, ಲಾಮ್ 437 ಸಲ ಬಂದಿತ್ತು. ಗುಪ್ತ ಪತ್ರದಲ್ಲಿ ಅತಿ ಹೆಚ್ಚು ಕಾಣುವ ಗುರುತು ಅಲಿಫ್ ಇರಬಹುದು, ನಂತರದ್ದು ಲಾಮ್ ಇರಬಹುದು. ಹೀಗೆ ಬೀಗ ತೆಗೆಯುವುದು. ಆದರೆ ಪತ್ರ ತೀರಾ ಚಿಕ್ಕದಾದರೆ ಈ ಲೆಕ್ಕ ನಡೆಯುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು.

ಪಿಯುಸಿ ಮಕ್ಕಳು ಯಾದೃಚ್ಛಿಕ ಚಲಕ ಎಂದರೆ ತಲೆ ಕೆರೆಯುತ್ತಾರಲ್ಲ, ಅದನ್ನು ಹೀಗೆ ನೋಡಿ. ಯಾವುದೋ ಒಂದು ಕಿತಾಬಿನ ಯಾವುದೋ ಒಂದು ಪುಟ ತೆರೆಯಿರಿ. ಅದರಲ್ಲಿ ಅಲಿಫ್ ಎಷ್ಟಿದೆ? ತೆರೆಯುವ ಮುಂಚೆ ಹೇಳಲಿಕ್ಕಾಗದು. ಪುಟದಿಂದ ಪುಟಕ್ಕೆ ಬದಲಾಗುವ ಆ ಸಂಖ್ಯೆಯೇ ಯಾದೃಚ್ಛಿಕ ಚಲಕ. ಒಂದು ಪುಟವನ್ನು ನಂಬಬೇಡಿ, ನೂರು ಪುಟ ಎಣಿಸಿ. ಆಗ ಸರಾಸರಿ ಒಂದು ಕಡೆ ನೆಲೆ ನಿಲ್ಲುತ್ತದೆ. ಈ ಹೆಸರು ಹುಟ್ಟಿದ್ದು ಸಾವಿರ ವರ್ಷದ ನಂತರ, ಆದರೆ ಎಣಿಸಿ ಅಂದಾಜು ಮಾಡುವ ದಾರಿಯನ್ನು ಕಿಂದಿ ಆಗಲೇ ತುಳಿದಿದ್ದರು.

ಇಷ್ಟು ದೊಡ್ಡ ವಿದ್ವಾಂಸರಿಗೂ ಕಷ್ಟ ತಪ್ಪಲಿಲ್ಲ. ಖಲೀಫ ಮುತವಕ್ಕಿಲ್‌ರ ಕಾಲದಲ್ಲಿ ಬನೂ ಮೂಸಾ ಸಹೋದರರು ಚಾಡಿ ಹೇಳಿದರು. ಕಿಂದಿಗೆ ಏಟು ಬಿತ್ತು, ಅವರ ಇಡೀ ಗ್ರಂಥಾಲಯವನ್ನೇ ಕಿತ್ತುಕೊಂಡರು ಎನ್ನುತ್ತಾರೆ ಚರಿತ್ರೆಕಾರರು. ಮುಂದೆ ಅದೇ ಸಹೋದರರು ವಹಿಸಿಕೊಂಡ ಕಾಲುವೆಯ ಅಳತೆ ತಪ್ಪಿತು. ಜೀವ ಉಳಿಯಬೇಕಾದರೆ ಸನದ್ ಇಬ್ನ್ ಅಲಿ ಎಂಬ ತಜ್ಞರ ಸಾಕ್ಷಿ ಬೇಕಿತ್ತು. ಸನದ್‌ಗೂ ಕಿಂದಿಗೂ ಆಗುತ್ತಿರಲಿಲ್ಲ. ಆದರೂ ಅವರು ಇಟ್ಟ ಷರತ್ತು ಒಂದೇ: ಮೊದಲು ಕಿಂದಿಯ ಕಿತಾಬುಗಳನ್ನು ವಾಪಸು ಕೊಡಿ. ಕಿತಾಬುಗಳು ಮನೆಗೆ ಬಂದವು.

ಸುಮಾರು 873ರಲ್ಲಿ ಕಿಂದಿ ಬಗ್ದಾದಿನಲ್ಲಿ ತೀರಿಕೊಂಡರು. ಆ ರಿಸಾಲದ ಪ್ರತಿ ಇಸ್ತಾಂಬುಲಿನ ಸುಲೈಮಾನಿಯ್ಯ ಗ್ರಂಥಾಲಯದಲ್ಲಿ ಉಳಿದಿತ್ತು, 1987ರಲ್ಲಿ ಅಚ್ಚಾಯಿತು.

ನಮ್ಮಲ್ಲಿ ಇಲ್ಮ್ ಎಂದರೆ ಮದ್ರಸದ್ದು ಬೇರೆ, ಕಾಲೇಜಿನದು ಬೇರೆ ಎನ್ನುವವರಿದ್ದಾರೆ. ಕಿಂದಿಯ ಕಾಲದಲ್ಲಿ ಆ ಗೋಡೆ ಇರಲಿಲ್ಲ. ಇನ್ನೊಂದು ಮಾತು, ನಮಗಾಗದವರ ಹಕ್ಕಿಗಾಗಿಯೂ ನಿಲ್ಲುವುದು ಹೇಗೆಂದು ಸನದ್ ತೋರಿಸಿದರು. ಈ ಎರಡನ್ನೂ ಇವತ್ತು ರಾತ್ರಿ ಮಕ್ಕಳಿಗೆ ಹೇಳಿಕೊಡೋಣ. ಅಲ್ಲಾಹು ನಮ್ಮ ಮಕ್ಕಳ ಇಲ್ಮ್ ಹೆಚ್ಚಿಸಲಿ, ಆಮೀನ್.